ಹಳೆಯ ಪಠ್ಯ ಸಾಹಸ ಆಟಗಳಲ್ಲಿ ಕೂತು ಬಿಡಿಸುವಂಥವು ಇನ್ನು ಯಾವುವು ಉಳಿದಿವೆ?

ಒಂಟಿದೀಪ:

ವರ್ಣನೆ ಓದಿ, ಆಜ್ಞೆಗಳನ್ನು ಟೈಪಿಸಿ ಆಡುವ ಪಠ್ಯ ಸಾಹಸ ಆಟಗಳಲ್ಲಿ ಇನ್ಫೋಕಾಮ್ ಸಂಸ್ಥೆಯ ಹೆಸರುವಾಸಿಗಳನ್ನು ಬಹುಮಟ್ಟಿಗೆ ಮುಗಿಸಿದ್ದೇನೆ. ಜೋರ್ಕ್‌ನ ಮೂರು ಭಾಗಗಳು, ಎನ್‌ಚಾಂಟರ್, ಪ್ಲಾನೆಟ್‌ಫಾಲ್, ಡೆಡ್‌ಲೈನ್, ಟ್ರಿನಿಟಿ ಎಲ್ಲವೂ ಆದವು. ಮುಂದೇನು ಎಂದು ಹುಡುಕಲು ಹೊರಟರೆ ಎಲ್ಲ ಪಟ್ಟಿಗಳಲ್ಲೂ ಸುತ್ತಿ ಸುತ್ತಿ ಅವೇ ಹೆಸರುಗಳು. ಪಟ್ಟಿಯ ಆಚೆಗಿನದನ್ನು ನಾನಾಗಿಯೇ ಆರಿಸಿಕೊಂಡರೆ, ಎರಡು ಪದಗಳ ಆಜ್ಞೆಗೂ ತಡವರಿಸುವ ಆಟವೋ, ಕಾರಣವಿಲ್ಲದೆ ಹೆಜ್ಜೆಹೆಜ್ಜೆಗೂ ಕೊಲ್ಲುವ ಆಟವೋ ಕೈಗೆ ಸಿಗುತ್ತದೆ.

ನನಗೆ ಬೇಕಿರುವುದು ಪೆನ್ಸಿಲ್ಲು, ಕಾಗದ ಹಿಡಿದು ವಾರಗಟ್ಟಲೆ ಕೂರಿಸಿಕೊಳ್ಳುವ ಆಟ. ಕಷ್ಟವಿರಲಿ, ಅದಕ್ಕೆ ಅಂಜುವುದಿಲ್ಲ. ಆದರೆ ಉತ್ತರ ಹೊಳೆದಾಗ "ಇದು ಮೊದಲೇ ನನ್ನ ಕಣ್ಣೆದುರಿಗೇ ಇತ್ತಲ್ಲ" ಎನ್ನಿಸಬೇಕು. "ಇದನ್ನು ಯಾರು ತಾನೇ ಊಹಿಸಬಲ್ಲರು" ಎನ್ನಿಸಿದರೆ ಆ ಕಷ್ಟಕ್ಕೆ ಬೆಲೆಯಿಲ್ಲ. ಚಿತ್ರಗಳಿಲ್ಲದಿದ್ದರೂ ಅಡ್ಡಿಯಿಲ್ಲ. ಎಪ್ಪತ್ತರ ದಶಕದಿಂದ ತೊಂಬತ್ತರ ದಶಕದ ಕೊನೆಯವರೆಗಿನ ಯಾವುದಾದರೂ ಆಗುತ್ತದೆ.

ಜೊತೆಗೆ ಇನ್ನೊಂದು ಪ್ರಶ್ನೆ. ಇದುವರೆಗೆ ಪೂರ್ತಿ ಪರಿಹಾರವನ್ನು ಯಾರೂ ಬರೆದಿಡದ ಆಟಗಳು ನಿಜವಾಗಿಯೂ ಇವೆಯೇ? ಇದ್ದರೆ ಅವು ಎಲ್ಲಿ ಸಿಗುತ್ತವೆ?

ನಕ್ಷೆಕಾಗದ:

ಒಂಟಿದೀಪ ಅವರೇ, ಇನ್ಫೋಕಾಮ್ ಮುಗಿಯಿತೆಂದು ಅಷ್ಟು ಬೇಗ ಬಾಗಿಲು ಹಾಕಬೇಡಿ. ನೀವು ಬರೆದ ಹೆಸರುಗಳಲ್ಲಿ ಸಸ್ಪೆಂಡೆಡ್ ಇಲ್ಲ, ಸ್ಪೆಲ್‌ಬ್ರೇಕರ್ ಕೂಡ ಇಲ್ಲ. ಹೆಚ್ಚಿನವರು ದಾಟಿಕೊಂಡು ಹೋಗುವ ಆಟಗಳು ಇವೇ. ನನ್ನ ಮಟ್ಟಿಗೆ ಆ ಸಂಸ್ಥೆಯ ಅತ್ಯಂತ ಧೈರ್ಯದ ಆಟ 1983ರ ಸಸ್ಪೆಂಡೆಡ್.

ಅದರಲ್ಲಿ ನೀವು ನಡೆದಾಡುವುದೇ ಇಲ್ಲ. ಒಂದು ಗ್ರಹದ ಹವಾಮಾನ, ಸಾರಿಗೆ, ಆಹಾರ ಉತ್ಪಾದನೆಯನ್ನು ನಿಭಾಯಿಸುವ ನೆಲದಡಿಯ ಕೇಂದ್ರದಲ್ಲಿ ಶೀತನಿದ್ರೆಯಲ್ಲಿ ಮಲಗಿರುತ್ತೀರಿ. ಕೆಲಸ ಮಾಡುವವು ಆರು ರೋಬೋಟ್‌ಗಳು. ಕಣ್ಣಿರುವುದು ಐರಿಸ್‌ಗೆ ಮಾತ್ರ, ಆಟ ಶುರುವಾಗುವಾಗ ಆ ಕಣ್ಣೂ ಕೆಟ್ಟಿರುತ್ತದೆ. ಆಡಾಗೆ ಕೇಳಿಸುತ್ತದೆ, ಸೆನ್ಸಾಗೆ ಕಂಪನಗಳು ಗೊತ್ತಾಗುತ್ತವೆ, ವಾಲ್ಡೊಗೆ ಗಟ್ಟಿ ಕೈಗಳಿವೆ, ವಿಜ್ ಮಾಹಿತಿಕೋಶವನ್ನು ಓದುತ್ತದೆ. ಪೋಯಟ್ ಎಂಬುದು ವಿದ್ಯುತ್ ಹರಿವನ್ನು ಗ್ರಹಿಸಿ ಒಡಪಿನ ಹಾಗೆ ಮಾತಾಡುತ್ತದೆ. ಒಂದೇ ಕೋಣೆಗೆ ಬೇರೆ ಬೇರೆ ರೋಬೋಟ್ ಕಳುಹಿಸಿದರೆ ಬೇರೆ ಬೇರೆ ವರ್ಣನೆ ಬರುತ್ತದೆ. ಒಂದಕ್ಕೆ ಗುನುಗುಡುವ ಸದ್ದು, ಇನ್ನೊಂದಕ್ಕೆ ಕೈಗೆ ತಾಗುವ ಆಕಾರ. ಆ ವಸ್ತು ಏನೆಂದು ಇವೆರಡನ್ನೂ ಕೂಡಿಸಿ ನೀವೇ ಕಂಡುಕೊಳ್ಳಬೇಕು. ಅಷ್ಟರಲ್ಲಿ ಮೇಲೆ ಜನ ಸಾಯುತ್ತಿರುತ್ತಾರೆ. ಗೆದ್ದರೂ ಎಷ್ಟು ಜನರನ್ನು ಉಳಿಸಿದಿರಿ ಎಂಬ ಲೆಕ್ಕ ಎದುರು ನಿಲ್ಲುತ್ತದೆ. ಹಾಗಾಗಿ ಒಮ್ಮೆ ಮುಗಿಸಿದ ಮೇಲೂ ಇನ್ನೊಮ್ಮೆ ಆಡಲು ಕಾರಣವಿರುತ್ತದೆ. ಪೆಟ್ಟಿಗೆಯ ಜೊತೆಗೆ ಬರುತ್ತಿದ್ದ ಕೇಂದ್ರದ ನಕ್ಷೆಯನ್ನು ಹುಡುಕಿ ಮುದ್ರಿಸಿಕೊಳ್ಳಿ. ಅದನ್ನು ನೋಡುವುದು ಸುಳಿವು ನೋಡಿದಂತಲ್ಲ, ಅದು ಆಟದ್ದೇ ಭಾಗ.

ಸ್ಪೆಲ್‌ಬ್ರೇಕರ್ 1985ರದು. ನೋಡಲು ಒಂದೇ ತೆರನಾದ ಘನಗಳು ಒಂದೊಂದಾಗಿ ಕೈಸೇರುತ್ತಾ ಹೋಗುತ್ತವೆ. ಯಾವುದು ಯಾವುದೆಂದು ತಿಳಿಯಲು ಅವುಗಳ ಮೇಲೆ ಹೆಸರು ಕೆತ್ತುವವರು ನೀವೇ, ಹೆಸರನ್ನು ಆರಿಸುವವರೂ ನೀವೇ. ಆಮೇಲೆ ಆಟವೂ ಆ ಹೆಸರಿನಿಂದಲೇ ಅವುಗಳನ್ನು ಕರೆಯುತ್ತದೆ.

ಇವೆರಡೂ ಮುಗಿದ ಮೇಲೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಆಟಗಳ ಕಡೆಗೆ ಬನ್ನಿ. ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಅವು. ಅಲ್ಲಿನ ಫೀನಿಕ್ಸ್ ಎಂಬ ಐಬಿಎಂ ಮೇನ್‌ಫ್ರೇಮ್ (ಹಲವರು ಹಂಚಿಕೊಳ್ಳುವ ದೊಡ್ಡ ಕಂಪ್ಯೂಟರ್) ವ್ಯವಸ್ಥೆಯಲ್ಲಿ ಎಪ್ಪತ್ತರ ದಶಕದ ಕೊನೆಯಿಂದ ಒಂದು ದೊಡ್ಡ ಗೊಂಚಲೇ ಹುಟ್ಟಿತು. ಜಾನ್ ಥ್ಯಾಕ್ರೇ ಮತ್ತು ಡೇವಿಡ್ ಸೀಲ್ ಸಾಹಸ ಆಟಗಳಿಗೆಂದೇ ಒಂದು ಭಾಷೆಯನ್ನು ಕಟ್ಟಿ, ಜೊನಾಥನ್ ಪಾರ್ಟಿಂಗ್ಟನ್ ಜೊತೆ ಸೇರಿ ಅಚೆಟಾನ್ ಎಂಬ ಆಟ ಬರೆದರು. ಅದರಲ್ಲಿ 400ಕ್ಕೂ ಹೆಚ್ಚು ಸ್ಥಳಗಳಿವೆ. ಅದೇ ಗೊಂಚಲಿನ ಬ್ರ್ಯಾಂಡ್ ಎಕ್ಸ್ ಆಟವನ್ನು ಬರೆದ ಇಬ್ಬರಲ್ಲಿ ಪೀಟರ್ ಕಿಲ್‌ವರ್ತ್ ಸಮುದ್ರವಿಜ್ಞಾನಿ, ಜೊನಾಥನ್ ಮೆಸ್ಟೆಲ್ ಚದುರಂಗದ ಗ್ರ್ಯಾಂಡ್‌ಮಾಸ್ಟರ್. ಪಾರ್ಟಿಂಗ್ಟನ್ ಮುಂದೆ ಗಣಿತದ ಪ್ರಾಧ್ಯಾಪಕರಾದರು. ಒಗಟುಗಳಲ್ಲಿ ಆ ಮನಸ್ಸು ಕಾಣುತ್ತದೆ. ವರ್ಣನೆಯಲ್ಲಿ ಒಂದು ಪದವೂ ಸುಮ್ಮನೆ ಬಂದಿರುವುದಿಲ್ಲ. ಅದನ್ನು ಗಣಿತದ ಪ್ರಮೇಯ ಓದುವಷ್ಟು ಎಚ್ಚರದಿಂದ ಓದಬೇಕು.

ಇವುಗಳಲ್ಲಿ ಹಲವನ್ನು ನಂತರ ಇನ್ಫೋಕಾಮ್ ಆಟಗಳ ಕಡತ ಮಾದರಿಗೆ ತಂದಿದ್ದಾರೆ, ಪಠ್ಯ ಆಟಗಳ ಅಂತರ್ಜಾಲ ಸಂಗ್ರಹವಾದ ಐಎಫ್ ಆರ್ಕೈವ್‌ನಲ್ಲಿ ಫೀನಿಕ್ಸ್ ಹೆಸರಿನಡಿ ಸಿಗುತ್ತವೆ. ಆ ಕಡತಗಳನ್ನು ಆಡಿಸುವ ಫ್ರಾಟ್ಜ್ ಅಥವಾ ಗಾರ್ಗಾಯ್ಲ್ ಪ್ರೋಗ್ರಾಂ ಇದ್ದರೆ ಸಾಕು, ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಬೇಕಾಗಿಲ್ಲ.

ಕಂಚಿನಕೀಲಿ:

ನಕ್ಷೆಕಾಗದ ಅವರ ಅಭಿಮಾನ ಅರ್ಥವಾಗುತ್ತದೆ. ಆದರೂ ಕೇಂಬ್ರಿಡ್ಜ್ ಆಟಗಳನ್ನು ಈ ಪ್ರಶ್ನೆಗೆ ಮೊದಲ ಉತ್ತರವಾಗಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಒಂಟಿದೀಪ ಅವರು ಕೇಳಿದ್ದು ನ್ಯಾಯವಾದ ಆಟ. ಅಚೆಟಾನ್‌ನಲ್ಲಿ ಮೊದಲ ಗಂಟೆಯಲ್ಲಿ ಮಾಡಿದ ಒಂದು ತಪ್ಪು ಕೆಲಸ ಬಹಳ ಹೊತ್ತಿನ ಮೇಲೆ ದಾರಿ ಮುಚ್ಚಬಹುದು. ಮುಚ್ಚಿತೆಂದು ಆಟ ಹೇಳುವುದೂ ಇಲ್ಲ.

ಪಠ್ಯ ಆಟಗಳನ್ನು ಬರೆಯುವ ಆಂಡ್ರ್ಯೂ ಪ್ಲಾಟ್ಕಿನ್ 1996ರಲ್ಲಿ ಮಾಡಿದ ಐದು ಹಂತಗಳ ವಿಂಗಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಒಗಟಿನ ಕಷ್ಟವನ್ನು ಅಳೆಯುವುದಿಲ್ಲ, ನೀವು ಸಿಕ್ಕಿಬಿದ್ದಿದ್ದೀರೆಂದು ನಿಮಗೆ ಯಾವಾಗ ತಿಳಿಯುತ್ತದೆ ಎಂಬುದನ್ನು ಅಳೆಯುತ್ತದೆ. ಮೊದಲ ಹಂತದ ದಯಾಳು ಆಟದಲ್ಲಿ ಸಿಕ್ಕಿಬೀಳುವುದೇ ಸಾಧ್ಯವಿಲ್ಲ. ಎರಡನೆಯದರಲ್ಲಿ ಸೋತರೆ ಕೂಡಲೇ ಗೊತ್ತಾಗುತ್ತದೆ. ಮೂರನೆಯದರಲ್ಲಿ ಹಿಂತಿರುಗಲಾಗದ ಹೆಜ್ಜೆ ಎಂದು ಇಡುವ ಮೊದಲೇ ತಿಳಿಯುತ್ತದೆ, ನಾಲ್ಕನೆಯದರಲ್ಲಿ ಇಟ್ಟ ಮೇಲೆ. ಐದನೆಯ ಹಂತದ ಕ್ರೂರ ಆಟದಲ್ಲಿ ಇಟ್ಟ ಮೇಲೂ ತಿಳಿಯುವುದಿಲ್ಲ. ಹೊಸ ಆಟ ಆರಿಸುವಾಗ ವಿಮರ್ಶೆಗಳಲ್ಲಿ ಈ ಒಂದು ಮಾತನ್ನು ಹುಡುಕಿ. ಕಷ್ಟದ ಬಗ್ಗೆ ಜನ ಹೇಳುವುದು ಅವರವರ ಅನುಭವ, ಇದು ಆಟದ ಗುಣ.

ನನ್ನ ಸಲಹೆ ತೊಂಬತ್ತರ ದಶಕ. ಇನ್ಫೋಕಾಮ್ 1989ರಲ್ಲಿ ಮುಚ್ಚಿದ ಮೇಲೆ ಈ ಕಲೆ ಸತ್ತಿತೆಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ನಡೆದದ್ದು ಬೇರೆ. ಗ್ರಹಾಂ ನೆಲ್ಸನ್ 1993ರಲ್ಲಿ ಇನ್ಫಾರ್ಮ್ ಎಂಬ ಸಾಧನವನ್ನು ಹೊರತಂದರು. ಅದು ಇನ್ಫೋಕಾಮ್‌ನದೇ ಕಡತ ಮಾದರಿಯಲ್ಲಿ ಹೊಸ ಆಟಗಳನ್ನು ಹುಟ್ಟಿಸಬಲ್ಲದಾಗಿತ್ತು. ಅದೇ ವರ್ಷ ಅವರು ಬಿಡುಗಡೆ ಮಾಡಿದ ಕರ್ಸಸ್ ನಿಮಗೆ ಹೇಳಿ ಮಾಡಿಸಿದಂತಿದೆ. ಹಳೆಯ ಮನೆತನದ ಅಟ್ಟದಲ್ಲಿ ಪ್ಯಾರಿಸ್‌ನ ಪ್ರವಾಸಿ ನಕ್ಷೆಯೊಂದನ್ನು ಹುಡುಕುವುದಷ್ಟೇ ನಿಮ್ಮ ಕೆಲಸ. ಆ ಅಟ್ಟದಿಂದ ಆಟ ಎಲ್ಲೆಲ್ಲಿಗೆ ಕರೆದೊಯ್ಯುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ. ಕರ್ಸಸ್ ಕೂಡ ನಿಷ್ಕರುಣಿಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ಕಡೆ ದಾರಿ ಕಾಣದಿದ್ದರೆ ಕೈಹಾಕಲು ಇನ್ನೂ ಹತ್ತು ಕಡೆ ಏನಾದರೂ ಇದ್ದೇ ಇರುತ್ತದೆ.

ಅದು ಭಾರವೆನಿಸಿದರೆ ಗ್ಯಾರೆತ್ ರೀಸ್ ಅವರ ಕ್ರೈಸ್ಟ್‌ಮಿನ್‌ಸ್ಟರ್ (1995), ಮೈಕಲ್ ಜೆಂಟ್ರಿ ಅವರ ಆ್ಯಂಕರ್‌ಹೆಡ್ (1998) ಇವೆ. ಜಾನ್ ಇಂಗೋಲ್ಡ್ ಅವರ ಮಲ್ಡೂನ್ ಲೆಗಸಿ (1999) ಗಾತ್ರದಲ್ಲಿ ಕರ್ಸಸ್‌ಗೆ ಸರಿಸಾಟಿ.

ಇವೆಲ್ಲಕ್ಕಿಂತ ಮೇಲೆ ನಾನು ಇಡುವುದು ಪ್ಲಾಟ್ಕಿನ್ ಅವರ ಸ್ಪೈಡರ್ ಆ್ಯಂಡ್ ವೆಬ್ (1998). ಅದರಲ್ಲಿ ನೀವು ಸೆರೆಸಿಕ್ಕ ಗೂಢಚಾರ. ಆಡುತ್ತಿರುವುದು ಈಗ ನಡೆಯುತ್ತಿರುವ ಘಟನೆಯನ್ನಲ್ಲ, ವಿಚಾರಣಾಧಿಕಾರಿಗೆ ನೀವು ಹೇಳುತ್ತಿರುವ ಕಥೆಯನ್ನು. ಅವನಿಗೆ ಗೊತ್ತಿರುವುದಕ್ಕೆ ನಿಮ್ಮ ಕಥೆ ತಾಳೆಯಾಗದಿದ್ದರೆ ತಡೆದು ನಿಲ್ಲಿಸುತ್ತಾನೆ, ಮತ್ತೆ ಮೊದಲಿನಿಂದ ಹೇಳಬೇಕು. ನಡುವೆ ಒಂದು ಘಟ್ಟದಲ್ಲಿ ನೀವು ಅಲ್ಲಿಯವರೆಗೆ ಹೇಳಿದ್ದೆಲ್ಲವೂ ಬೇರೆಯೇ ಅರ್ಥ ಪಡೆಯುತ್ತದೆ. ಪಠ್ಯದಲ್ಲಿ ಮಾತ್ರ ಸಾಧ್ಯವಾಗುವ ಒಗಟು ಅದು. ದಯವಿಟ್ಟು ಇದಕ್ಕೆ ಸುಳಿವು ನೋಡಬೇಡಿ. ಬೇರೆ ಯಾವುದಕ್ಕೆ ನೋಡಿದರೂ ಸರಿ, ಇದೊಂದಕ್ಕೆ ಬೇಡ.

ನಕ್ಷೆಕಾಗದ:

ಸ್ಪೈಡರ್ ಆ್ಯಂಡ್ ವೆಬ್ ಬಗ್ಗೆ ಎರಡು ಮಾತಿಲ್ಲ.

ಆದರೆ ಕ್ರೌರ್ಯದ ವಿಷಯಕ್ಕೆ ಒಂದು ಮಾತು. ಫೀನಿಕ್ಸ್ ಆಟಗಳಲ್ಲಿ ಸಾವು ಶಿಕ್ಷೆಯಲ್ಲ, ಅದು ಮಾಹಿತಿ. ಅವುಗಳನ್ನು ಒಂದೇ ಜೀವದ ಕಥೆಯಾಗಿ ಆಡಿದರೆ ಸಿಟ್ಟು ಬರುತ್ತದೆ. ಪ್ರಯೋಗದಂತೆ ಆಡಬೇಕು: ಮೊದಲ ಸುತ್ತಿನಲ್ಲಿ ನಕ್ಷೆ, ಎರಡನೆಯದರಲ್ಲಿ ಯಾವ ವಸ್ತು ಎಲ್ಲಿ ಖರ್ಚಾಗುತ್ತದೆಂಬ ಪಟ್ಟಿ, ಕೊನೆಗೆ ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ಕೂಡಿಸುವ ಪೂರ್ತಿ ಓಟ. ಆ ಕ್ರಮವನ್ನು ಜೋಡಿಸುವುದೇ ಅಲ್ಲಿನ ಅತಿ ದೊಡ್ಡ ಒಗಟು, ಅದರ ಸುಖವೇ ಬೇರೆ. ಅಚೆಟಾನ್ ದೊಡ್ಡದೆನಿಸಿದರೆ ಕಿಂಗ್‌ಡಮ್ ಆಫ್ ಹಮಿಲ್‌ನಿಂದ ಶುರು ಮಾಡಿ, ಅದು ಚಿಕ್ಕದು. ಷೇಕ್ಸ್‌ಪಿಯರ್ ನಾಟಕಗಳನ್ನು ಓದಿದ್ದರೆ ಅವುಗಳ ಮೇಲೇ ಕಟ್ಟಿರುವ ಏವನ್ ಇದೆ.

ಶಬ್ದಶೋಧಕ:

ಇಬ್ಬರೂ ಮನೆ ಕಂಪ್ಯೂಟರ್‌ಗಳ ಕಾಲವನ್ನು ಬಿಟ್ಟೇಬಿಟ್ಟಿರಿ. ಒಂಟಿದೀಪ ಅವರ ಎರಡನೆಯ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ.

ಮೊದಲು ಹೆಸರುವಾಸಿಗಳನ್ನು ಬೇಗ ಮುಗಿಸುತ್ತೇನೆ. ಬ್ರಿಟನ್ನಿನ ಮ್ಯಾಗ್ನೆಟಿಕ್ ಸ್ಕ್ರೋಲ್ಸ್ ಸಂಸ್ಥೆಯ ಗಿಲ್ಡ್ ಆಫ್ ಥೀವ್ಸ್ (1987) ಖಂಡಿತ ಆಡಿ. ಕಳ್ಳರ ಸಂಘಕ್ಕೆ ಸೇರಲು ಒಂದು ಕೋಟೆಯನ್ನೂ ಸುತ್ತಲಿನ ನಾಡನ್ನೂ ದೋಚಿ ಪರೀಕ್ಷೆ ಪಾಸಾಗಬೇಕು. ಅದರ ಪಾರ್ಸರ್, ಎಂದರೆ ನಾವು ಟೈಪಿಸಿದ ಆಜ್ಞೆಯನ್ನು ಅರ್ಥಮಾಡಿಕೊಳ್ಳುವ ಭಾಗ, ಇನ್ಫೋಕಾಮ್‌ಗೆ ಹೆಗಲೆಣೆ. ಲೆವೆಲ್ 9 ಸಂಸ್ಥೆಯ ಸ್ನೋಬಾಲ್ (1983) 7000 ಸ್ಥಳಗಳಿವೆಯೆಂದು ಹೇಳಿಕೊಂಡು ಬಂತು. ಅವುಗಳಲ್ಲಿ ಹೆಚ್ಚಿನವು ಬಣ್ಣದ ಸಂಕೇತದಲ್ಲಷ್ಟೇ ಬೇರೆಯಾಗುವ ಒಂದೇ ಬಗೆಯ ಕೋಣೆಗಳು. ಆ ಸಂಖ್ಯೆಗೆ ಹೆದರಬೇಡಿ. ಬಣ್ಣಗಳ ಕ್ರಮ ಅರ್ಥವಾದರೆ ಆಟ ನಡೆಯುವ ಅಂತರಿಕ್ಷ ಹಡಗು ಪೂರ್ತಿ ಅರ್ಥವಾಗುತ್ತದೆ. ಇವೆಲ್ಲವನ್ನೂ ಹಳೆಯ ಆಟಗಳನ್ನು ಇಂದಿನ ಯಂತ್ರದಲ್ಲಿ ಆಡಿಸುವ ಸ್ಕಮ್‌ವಿಎಂ ಪ್ರೋಗ್ರಾಂ ಒಂದರಲ್ಲೇ ಆಡಬಹುದು. 2019ರ ನಂತರದ ಆವೃತ್ತಿಗಳು ಪಠ್ಯ ಆಟಗಳ ಹಲವು ಮಾದರಿಗಳನ್ನು ಓದುತ್ತವೆ.

ಈಗ ಪರಿಹಾರವಿಲ್ಲದ ಆಟಗಳಿಗೆ ಬರೋಣ. 1983ರಲ್ಲಿ ಗಿಲ್‌ಸಾಫ್ಟ್ ಸಂಸ್ಥೆ ದಿ ಕ್ವಿಲ್ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಬರೆದವರು ಗ್ರೇಮ್ ಯಾಂಡಲ್. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರ್‌ನಲ್ಲಿ ಸಾಹಸ ಆಟ ಕಟ್ಟುವಂತಾಯಿತು. ಜನ ಮನೆಯಲ್ಲೇ ಆಟ ಬರೆದು, ಕ್ಯಾಸೆಟ್‌ಗೆ ತುಂಬಿ, ಅಂಚೆಯಲ್ಲಿ ಮಾರಿದರು. ಅಮೆರಿಕದ ಕಡೆ ಇದೇ ಕೆಲಸವನ್ನು ಎಜಿಟಿ ಎಂಬ ಸಾಧನ ಮಾಡಿತು. ಇವುಗಳಲ್ಲಿ ಎಷ್ಟೋ ಆಟಗಳನ್ನು ಬರೆದವರನ್ನು ಬಿಟ್ಟು ಕೊನೆಯವರೆಗೆ ಆಡಿದವರು ಸಿಗುವುದೇ ಕಷ್ಟ. ಸಾಹಸ ಆಟಗಳ ಪರಿಹಾರ ಭಂಡಾರವಾದ ಕಾಸಾ ಜಾಲತಾಣದಲ್ಲಿ ಪ್ರತಿ ಆಟದ ಪುಟ ತೆರೆದು ನೋಡಿ. ಪರಿಹಾರವಿದೆಯೇ, ನಕ್ಷೆಯಿದೆಯೇ ಎಂದು ಅಲ್ಲೇ ಕಾಣುತ್ತದೆ. ಎರಡೂ ಇಲ್ಲದ ಪುಟಗಳೇ ನಿಮ್ಮ ಬೇಟೆಯ ನೆಲ.

ಅವುಗಳಲ್ಲಿ ಜೊಳ್ಳೇ ಹೆಚ್ಚು ಎಂಬುದೂ ನಿಜ. ನಾನು ಆರಿಸುವ ಬಗೆ ಹೀಗೆ. ಮೊದಲ ಕೋಣೆಯ ವರ್ಣನೆಯಲ್ಲಿ ಬಂದ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತೇನೆ. ತಾನೇ ಹೇಳಿದ ಬಾವಿಯನ್ನೋ ಬಾಗಿಲನ್ನೋ ಆಟವೇ ಗುರುತಿಸದಿದ್ದರೆ ಅಲ್ಲಿಗೇ ಬಿಡುತ್ತೇನೆ. ಆಮೇಲೆ ತಪ್ಪು ಕೆಲಸವೊಂದನ್ನು ಬೇಕೆಂದೇ ಮಾಡಿ ನೋಡುತ್ತೇನೆ. ಬಂಡೆಯನ್ನು ಬರಿಗೈಯಲ್ಲಿ ತಳ್ಳಿದಾಗ "ಆಗುವುದಿಲ್ಲ" ಎಂದಷ್ಟೇ ಬಂದರೆ ಅದು ಸಾಧನದ ಸಿದ್ಧ ಉತ್ತರ. "ಸ್ವಲ್ಪ ಅಲುಗಾಡಿತು, ಹಿಡಿಯಲು ಏನಾದರೂ ಸಿಕ್ಕಿದ್ದರೆ" ಎಂಬಂಥ ಉತ್ತರ ಬಂದರೆ ಅಲ್ಲಿ ಆಟಗಾರನನ್ನು ನೆನೆದು ಬರೆದವರೊಬ್ಬರಿದ್ದಾರೆ ಎಂದು ಅರ್ಥ. ಅಂಥ ಆಟಕ್ಕೆ ನನ್ನ ಸಮಯ ಮೀಸಲು.

ಕ್ವಿಲ್ ಪದದ ಮೊದಲ ನಾಲ್ಕು ಅಕ್ಷರಗಳನ್ನು ಮಾತ್ರ ನೋಡುತ್ತದೆ ಎಂಬುದು ನೆನಪಿರಲಿ. ಕ್ರಿಯಾಪದ ಹೊಳೆಯದೆ ಒದ್ದಾಡುವಾಗ ಇದು ನೆರವಾಗುತ್ತದೆ.

ಏಳನೆಯಕೋಣೆ:

ನಾನು ಈ ಆಟಗಳಿಗೆ ಹೊಸಬ. ಎಲ್ಲರೂ ಕೊಲಾಸಲ್ ಕೇವ್ ಅಡ್ವೆಂಚರ್ ಅನ್ನು ಮೂಲ ಎನ್ನುತ್ತಾರೆ, ಆದರೆ ಆಡಿ ಎಂದು ಇಲ್ಲಿ ಯಾರೂ ಹೇಳಲಿಲ್ಲ. ಅದನ್ನು ಇಂದಿಗೂ ಬಿಡಿಸುವ ಆಟವಾಗಿ ಆಡಬಹುದೇ, ಅಥವಾ ಇತಿಹಾಸವೆಂದು ನೋಡಿ ಬಿಡಬೇಕೇ?

ಒಂಟಿದೀಪ:

ಏಳನೆಯಕೋಣೆ ಅವರೇ, ಇದಕ್ಕೆ ನಾನೇ ಉತ್ತರಿಸುತ್ತೇನೆ, ಏಕೆಂದರೆ ಆ ಗುಹೆ ನನಗೆ ಬಹಳ ಇಷ್ಟ. ಆಡಿ, ಖಂಡಿತವಾಗಿ ಆಡಿ.

ವಿಲ್ ಕ್ರೌದರ್ ಸ್ವತಃ ಗುಹೆಗಳಿಗೆ ಇಳಿಯುತ್ತಿದ್ದವರು. ಕೆಂಟಕಿಯ ಮ್ಯಾಮತ್ ಗುಹೆ ವ್ಯವಸ್ಥೆಯ ಬೆಡ್‌ಕ್ವಿಲ್ಟ್ ಭಾಗವನ್ನು ನೆನೆದು ಎಪ್ಪತ್ತರ ದಶಕದ ನಡುವೆ ಪಿಡಿಪಿ-10 ಯಂತ್ರದಲ್ಲಿ ಇದನ್ನು ಬರೆದರು. 1977ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದರು. ನೀವು ಹುಡುಕಬೇಕಾದದ್ದು ಆ 350 ಅಂಕಗಳ ಆವೃತ್ತಿ. ಬೇರೆಯವರು ಕೈಯಾಡಿಸಿ ಬೆಳೆಸಿದ ಆವೃತ್ತಿಗಳು ಬಹಳಷ್ಟಿವೆ, ಮೊದಲ ಸಲಕ್ಕೆ ಅವು ಬೇಡ.

ಗುಹೆಯೊಳಗಿನ ನಿಧಿಗಳನ್ನು ಹೊರತರುವುದು ಆಟ. ಕೈಯಲ್ಲಿರುವ ದೀಪ 330 ನಡೆಗಳವರೆಗೆ ಉರಿಯುತ್ತದೆ. ಹಾಗಾಗಿ ನಕ್ಷೆ ಬರೆಯಲು ಹೋಗುವ ಓಟವೇ ಬೇರೆ, ನಿಧಿ ತರುವ ಓಟವೇ ಬೇರೆ. ಒಂದು ಚಕ್ರವ್ಯೂಹದಲ್ಲಿ ಎಲ್ಲ ಕೋಣೆಗಳ ವರ್ಣನೆಯೂ ಒಂದೇ. ಅಲ್ಲಿ ಕೈಯಲ್ಲಿರುವ ವಸ್ತುಗಳನ್ನು ಒಂದೊಂದು ಕೋಣೆಯಲ್ಲಿ ಇಟ್ಟು ಗುರುತು ಮಾಡಬೇಕು. ಇನ್ನೊಂದು ಚಕ್ರವ್ಯೂಹದಲ್ಲಿ ವಸ್ತುಗಳೇ ಬೇಕಾಗುವುದಿಲ್ಲ. ಎಲ್ಲ ಕೋಣೆಗಳೂ ಒಂದೇ ಎನ್ನಿಸುತ್ತವೆ, ಆದರೆ ಅವೇ ಪದಗಳು ಸ್ಥಾನ ಬದಲಿಸಿಕೊಂಡಿರುತ್ತವೆ. ಓದುವ ಕಣ್ಣಿಗೆ ಅದೇ ಗುರುತು. ಈ ಸಣ್ಣ ಸಂಗತಿಯನ್ನು ತಾನಾಗಿಯೇ ಗಮನಿಸಿದವರಿಗೆ ಮುಂದಿನ ಎಲ್ಲ ಪಠ್ಯ ಆಟಗಳನ್ನು ಓದುವ ಕ್ರಮ ಸಿದ್ಧಿಸುತ್ತದೆ ಎಂದು ನನ್ನ ನಂಬಿಕೆ.

349ಕ್ಕೆ ಬಂದು ನಿಂತರೆ ಅಲ್ಲಿಗೆ ಸಾಕು ಮಾಡಿ. ಆ ಕೊನೆಯ ಒಂದು ಅಂಕವನ್ನು ತರ್ಕದಿಂದ ಯಾರೂ ಕಂಡುಕೊಳ್ಳಲಾರರು, ಅದಕ್ಕೆ ಸುಳಿವು ನೋಡಿದರೆ ಯಾವ ತಪ್ಪೂ ಇಲ್ಲ.

ನಕ್ಷೆಕಾಗದ:

ಆ ಗುಹೆಯ ಮಾತು ಬಂದಿದ್ದರಿಂದ ಇದನ್ನೂ ಸೇರಿಸುತ್ತೇನೆ. ಕ್ರೌದರ್ ಬರೆದ ಮೂಲ ಪ್ರೋಗ್ರಾಂ ಕಳೆದೇ ಹೋಯಿತೆಂದು ಬಹುಕಾಲ ನಂಬಿದ್ದರು. ವುಡ್ಸ್ ಅವರ ವಿದ್ಯಾರ್ಥಿ ದಿನಗಳ ಕಂಪ್ಯೂಟರ್ ಖಾತೆಯ ಹಳೆಯ ಪ್ರತಿಯಲ್ಲಿ ಅದು ಸಿಕ್ಕಿತು. ಅದಕ್ಕೂ ಮುಂಚಿನದು ಪೀಟರ್ ಲ್ಯಾಂಗ್‌ಸ್ಟನ್ ಅವರ ವಾಂಡರ್, 1974ರದು. ಅದೂ ಕಳೆದುಹೋದದ್ದೆಂದೇ ಲೆಕ್ಕದಲ್ಲಿತ್ತು, 2015ರಲ್ಲಿ ಮತ್ತೆ ಸಿಕ್ಕಿತು. ಹಾಗಾಗಿ ಉಳಿದಿರುವ ಆಟಗಳ ಪಟ್ಟಿ ಮುಗಿದ ಪಟ್ಟಿಯಲ್ಲ, ಈಗಲೂ ಬೆಳೆಯುತ್ತಿದೆ.

ಕಂಚಿನಕೀಲಿ:

ಶಬ್ದಶೋಧಕ ಅವರಿಗೆ ಒಂದು ಪ್ರಶ್ನೆ. ಯಾರೂ ಮುಗಿಸದ ಆಟವನ್ನು ಹಿಡಿದು ಕೂತಾಗ, ಸಿಕ್ಕಿಬಿದ್ದಿರುವುದು ಒಗಟಿನಲ್ಲೋ ಅಥವಾ ಆಟದ ದೋಷದಲ್ಲೋ ಎಂದು ತಿಳಿಯುವುದು ಹೇಗೆ? ಬೇರೆ ಆಟಗಳಲ್ಲಿ ಪರಿಹಾರವಿದೆ ಎಂಬ ಭರವಸೆಯೇ ನನ್ನನ್ನು ಮುಂದೆ ನಡೆಸುತ್ತದೆ. ಅದಿಲ್ಲದೆ ತಿಂಗಳುಗಟ್ಟಲೆ ಗೋಡೆಗೆ ತಲೆ ಚಚ್ಚಿಕೊಳ್ಳುವುದು ನನ್ನಿಂದಾಗದು.

ಶಬ್ದಶೋಧಕ:

ಕ್ವಿಲ್ ಆಟಗಳಿಗೆ ಇದಕ್ಕೆ ದಾರಿಯಿದೆ. ಇಡೀ ಆಟ ಕೆಲವು ಕೋಷ್ಟಕಗಳಲ್ಲಿರುತ್ತದೆ: ಪದಗಳು, ಸ್ಥಳಗಳು, ವಸ್ತುಗಳು, ಮತ್ತು "ಆಟಗಾರ ಇದನ್ನು ಹೇಳಿದಾಗ, ಇಲ್ಲಿದ್ದರೆ, ಇದು ಕೈಯಲ್ಲಿದ್ದರೆ, ಹೀಗೆ ಮಾಡು" ಎಂಬ ನಿಯಮಗಳ ಸಾಲು. ಅನ್‌ಕ್ವಿಲ್ ಎಂಬ ಪ್ರೋಗ್ರಾಂ ಸ್ಪೆಕ್ಟ್ರಮ್‌ನ ಸ್ಮೃತಿ ಪ್ರತಿಯಿಂದ (ಯಂತ್ರದ ಮೆಮೊರಿಯನ್ನು ಹಾಗೆಯೇ ಉಳಿಸಿದ ಕಡತ) ಇವನ್ನೆಲ್ಲ ಓದಬಹುದಾದ ಪಠ್ಯವಾಗಿ ಹೊರತೆಗೆಯುತ್ತದೆ.

ನಾನು ಪಾಲಿಸುವ ನಿಯಮ ಹೀಗಿದೆ. ಹೋಗಬಹುದಾದ ಎಲ್ಲ ಕಡೆ ಹೋಗಿ, ಇರುವ ಎಲ್ಲ ವಸ್ತುಗಳನ್ನು ಎಲ್ಲ ಕಡೆ ಪ್ರಯತ್ನಿಸಿದ ಮೇಲೆ ಮಾತ್ರ ಅದನ್ನು ತೆರೆಯುತ್ತೇನೆ. ಮೊದಲು ನೋಡುವುದು ಪದಗಳ ಪಟ್ಟಿ. ನನಗೆ ಹೊಳೆಯದ ಕ್ರಿಯಾಪದವೊಂದು ಅಲ್ಲಿ ಕಂಡರೆ ಮುಚ್ಚಿಟ್ಟು ಆಟಕ್ಕೆ ಮರಳುತ್ತೇನೆ. ಅದರಿಂದಲೂ ಆಗದಿದ್ದರೆ ನಿಯಮಗಳನ್ನು ನೋಡುತ್ತೇನೆ. ಕೆಲವೊಮ್ಮೆ ಅಲ್ಲಿ ಕಾಣುವುದೇ ಬೇರೆ: ಬಾಗಿಲು ತೆರೆಯಲು ಕೀಲಿ ಬೇಕು, ಆದರೆ ಆ ಕೀಲಿಯನ್ನು ಯಾವ ನಿಯಮವೂ ಆಟದೊಳಕ್ಕೆ ತರುವುದಿಲ್ಲ. ಆಗ ಆಟ ಮುಗಿಯಲಾರದೆಂದು ಖಚಿತವಾಗುತ್ತದೆ. ಅದನ್ನು ಬರೆದಿಟ್ಟರೆ ಮುಂದಿನವರ ತಿಂಗಳುಗಳು ಉಳಿಯುತ್ತವೆ.

ಪರಿಹಾರ ಸಿಕ್ಕರೂ ಬರೆದಿಡಿ. ಬರಿಯ ಆಜ್ಞೆಗಳ ಸಾಲಷ್ಟೇ ಸಾಲದು. ಯಾವ ಸುಳಿವು ಎಲ್ಲಿತ್ತು, ಯಾವ ಹೆಜ್ಜೆ ಹಿಂತಿರುಗಲಾಗದ್ದು, ಯಾವ ಆವೃತ್ತಿಯಲ್ಲಿ ಆಡಿದಿರಿ, ಇವನ್ನೂ ಸೇರಿಸಿ.

ಒಂಟಿದೀಪ:

ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು. ಎಲ್ಲರಿಗೂ ಕೃತಜ್ಞತೆ.

ನನ್ನ ಸಾಲು ಹೀಗಾಯಿತು: ಮೊದಲು ಸ್ಪೈಡರ್ ಆ್ಯಂಡ್ ವೆಬ್, ಸುಳಿವಿಲ್ಲದೆ. ಆಮೇಲೆ ಸಸ್ಪೆಂಡೆಡ್. ಅದಾದ ಮೇಲೆ ಕಿಂಗ್‌ಡಮ್ ಆಫ್ ಹಮಿಲ್, ನಕ್ಷೆಕಾಗದ ಅವರು ಹೇಳಿದ ಪ್ರಯೋಗದ ಕ್ರಮದಲ್ಲೇ. ಕರ್ಸಸ್ ಅನ್ನು ಮಳೆಗಾಲಕ್ಕೆ ಎತ್ತಿಡುತ್ತೇನೆ.

ಪರಿಹಾರವಿಲ್ಲದ ಕ್ವಿಲ್ ಆಟವೊಂದನ್ನು ಒಬ್ಬನೇ ಹಿಡಿಯುವುದಕ್ಕಿಂತ ಇಲ್ಲಿನ ಮೂರ್ನಾಲ್ಕು ಜನ ಸೇರಿ ಆಡಿದರೆ ಹೇಗೆ? ಒಬ್ಬರು ನಕ್ಷೆ ನೋಡಿಕೊಳ್ಳಲಿ, ಒಬ್ಬರು ವಸ್ತುಗಳ ಪಟ್ಟಿ ಇಡಲಿ. ಅನ್‌ಕ್ವಿಲ್ ತೆರೆಯುವುದು ಎಲ್ಲರೂ ಒಪ್ಪಿದ ಮೇಲೆ ಮಾತ್ರ.

ಏಳನೆಯಕೋಣೆ:

ನಾನು ಸಿದ್ಧ. ಹೊಸಬನಾದ್ದರಿಂದ ನಕ್ಷೆ ಬರೆಯುವ ಕೆಲಸ ನನಗಿರಲಿ. ಅಷ್ಟರೊಳಗೆ ಗುಹೆಯ ಎರಡೂ ಚಕ್ರವ್ಯೂಹಗಳನ್ನು ಮುಗಿಸಿಕೊಂಡು ಬರುತ್ತೇನೆ.

ಶಬ್ದಶೋಧಕ:

ಆಟ ಆರಿಸುವ ಹೊಣೆ ನನ್ನದು. ಕಾಸಾದಲ್ಲಿ ಪರಿಹಾರ, ನಕ್ಷೆ ಎರಡೂ ಇಲ್ಲದ, ಮೊದಲ ಕೋಣೆಯ ಪರೀಕ್ಷೆಯಲ್ಲಿ ಪಾಸಾದ ಕೆಲವನ್ನು ಈ ವಾರಾಂತ್ಯದೊಳಗೆ ಇಲ್ಲಿ ಬರೆಯುತ್ತೇನೆ, ನೀವೆಲ್ಲ ನೋಡಿ ಒಂದನ್ನು ಹೇಳಿ. ಏಳನೆಯಕೋಣೆ ಅವರೇ, ನಕ್ಷೆಗೆ ಟ್ರಿಜ್‌ಬೋರ್ಟ್ ಎಂಬ ನಕ್ಷೆ ಬರೆಯುವ ಪ್ರೋಗ್ರಾಂ ಬಳಸಿ, ಕೋಣೆಗಳನ್ನು ಸರಿಸಿದರೆ ದಾರಿಯ ಗೆರೆಗಳೂ ಜೊತೆಗೇ ಸರಿಯುತ್ತವೆ. ಏಕಮುಖ ದಾರಿಗಳಿಗೆ ಬಾಣದ ಗುರುತು ಹಾಕುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.